ಮೂರು ನಿಮಿಷದ ಆಚೆ

ಇವತ್ತಿಗೂ ಯಾರಾದರೂ ನನ್ನೆದುರು ಮಾತಿಗೆ ಕೂತರೆ ಮೂರನೆಯ ನಿಮಿಷಕ್ಕೆ ನನ್ನ ಕಣ್ಣು ತಾನಾಗಿ ಗಡಿಯಾರದ ಕಡೆ ಹೋಗುತ್ತದೆ. ಬಸವಕಲ್ಯಾಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಸ್ವಿಚ್‌ಬೋರ್ಡಿನ ಮುಂದೆ ಕೂತವಳು ನಾನು. ಆಗ ಊರಿಂದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಒಂದು ಕಾಲ್ ಎಂದರೆ ಮೂರು ನಿಮಿಷ. ಅದು ಮುಗಿದ ಕೂಡಲೇ ಆಪರೇಟರ್ ನಡುವೆ ಬಂದು, "ಮೂರು ನಿಮಿಷ ಆಯ್ತ್ರಿ, ಇನ್ನೂ ಬೇಕೇನ್ರಿ?" ಎಂದು ಕೇಳಬೇಕು. ಇದು ನಿಯಮ. ನನಗೆ ನಿಯಮವೆಂದರೆ ಪ್ರಾಣ. ಬೆಳಿಗ್ಗೆ ಐದಕ್ಕೆ ಏಳುವುದು, ಡ್ಯೂಟಿಗೆ ಹತ್ತು ನಿಮಿಷ ಮೊದಲೇ ಹೋಗುವುದು, ಪೆನ್ಸಿಲ್ ಚೂಪು ಮಾಡಿಟ್ಟು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂರುವುದು. ಒಂದು ದಿನವೂ ತಪ್ಪಿದವಳಲ್ಲ.

ತಪ್ಪದಿದ್ದುದೇ ನನ್ನನ್ನು ಕೆಡವಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಹೈದರಾಬಾದಿನಿಂದ ಮಂಠಾಳದ ಅಂಚೆ ಕಚೇರಿಗೆ ಕಾಲ್ ಬಂತು. ಮಂಠಾಳದ ಲೈನು ಯಾವಾಗಲೂ ಕ್ಷೀಣ. ಎರಡೂ ಕಡೆಯವರ ಮಾತು ಒಬ್ಬರಿಗೊಬ್ಬರಿಗೆ ಕೇಳದಿದ್ದರೆ ನಡುವೆ ಇರುವ ನಾವೇ ಮಾತನ್ನು ಆಡಿ ದಾಟಿಸುವುದು ರೂಢಿ. ಅತ್ತ ಒಬ್ಬ ಗಂಡಸು, ಇತ್ತ ಒಬ್ಬ ಮುದುಕಿ. ಆತ ಹೇಳಿದ್ದು ಇಷ್ಟು: ನಿಮ್ಮ ಮಗ ಬೆಳಿಗ್ಗೆ ದವಾಖಾನೆಯಲ್ಲಿ ತೀರಿಕೊಂಡ. ಆ ಮಾತನ್ನು ನಾನು ನನ್ನ ದನಿಯಲ್ಲಿ ಹೇಳಿದೆ. ಮುದುಕಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಅಕ್ಷರ ಬಿಡಿಸಿ, ಗಟ್ಟಿಯಾಗಿ ಹೇಳಿದೆ. ಆಗ ಕೇಳಿತು. "ನೀ ಯಾರವ್ವಾ? ನೀ ಯಾಕ ಹಿಂಗ ಹೇಳಾಕತ್ತಿ?" ಎಂದಳು.

ಅದಾದ ಮೇಲೆ ನಡೆದದ್ದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಹೆಡ್‌ಸೆಟ್ ಹಾಕಿಕೊಂಡೆ. ಬೋರ್ಡಿನ ಮೇಲೆ ಕಾಲ್ ಬಂದ ಗುರುತಿಗೆ ಸಣ್ಣ ಮುಚ್ಚಳ ಟಪ್ಪೆಂದು ಬಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಹೆಡ್‌ಸೆಟ್ ತೆಗೆದರೆ ಬರುತ್ತಿತ್ತು, ಹಾಕಿದರೆ ಗಂಟಲು ಕಟ್ಟುತ್ತಿತ್ತು. ಗಂಟಲಿನ ಡಾಕ್ಟರು ನೋಡಿ ಏನೂ ಇಲ್ಲವೆಂದರು. ಜೊತೆಯ ಆಪರೇಟರ್ ಹೆಂಗಸರು, ಇಕಿ ದನಿ ಯಾವುದೋ ಲೈನಿನ್ಯಾಗ ಸಿಕ್ಕೊಂಡದ ಎಂದು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ಚುಚ್ಚಿತು. ಸೂಪರ್‌ವೈಸರ್ ಸಾಹೇಬರು ಎರಡು ತಿಂಗಳ ಮಟ್ಟಿಗೆ ಹಳೆಯ ಕಾಲ್‌ಗಳ ಚೀಟಿ ಜೋಡಿಸುವ ಕೆಲಸ ಕೊಟ್ಟರು. ಅಷ್ಟರೊಳಗೆ ದನಿ ಬರದಿದ್ದರೆ ಬೋರ್ಡು ಶಾಶ್ವತವಾಗಿ ಬಿಡಬೇಕೆಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು. ಬೋರ್ಡು ಬಿಟ್ಟರೆ ನಾನು ಯಾರು ಎಂಬುದು ನನಗೇ ಗೊತ್ತಿರಲಿಲ್ಲ.

ಹುಮನಾಬಾದಿನ ದವಾಖಾನೆಗೆ ಪ್ರತಿ ಗುರುವಾರ ಮನಸ್ಸಿನ ಡಾಕ್ಟರು ಬರುತ್ತಾರೆಂದು ಸಾಹೇಬರೇ ಹೇಳಿದ್ದು. ನಾನು ಮನೆಯಲ್ಲಿ ಜೊತೆಗಿದ್ದ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟೆ. ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. ಕಪಾಟಿನ ಪಕ್ಕ ಎರಡು ಕುರ್ಚಿ, ಒಂದು ಕಿಟಕಿ, ಗೋಡೆಗೊಂದು ಗಡಿಯಾರ. ಏನಾಯಿತೆಂದು ಕೇಳಿದಳು. ಕಾಲ್ ಬಂದದ್ದು, ಮೂರು ಸಲ ಹೇಳಿದ್ದು ಎಲ್ಲವನ್ನೂ ವರದಿಯ ಹಾಗೆ ಒಪ್ಪಿಸಿ ಎದ್ದು ನಿಂತೆ.

"ಯಾಕಕ್ಕ, ಎಲ್ಲಿಗಿ ಹೊಂಟ್ರಿ?"

"ಮೂರು ನಿಮಿಷ ಆಯ್ತ್ರಿ."

ಅವಳು ನಗಲಿಲ್ಲ. ತನ್ನ ಕುರ್ಚಿಯಿಂದ ಎದ್ದು ಗಡಿಯಾರವನ್ನು ಗೋಡೆಯಿಂದ ಇಳಿಸಿ ಕಪಾಟಿನ ಮೇಲೆ ಬೆನ್ನು ತಿರುಗಿಸಿ ಇಟ್ಟಳು. "ಇಲ್ಲಿ ಯಾರೂ ಲೈನ್ ಕಟ್ ಮಾಡಂಗಿಲ್ಲ. ಕೂಡ್ರಿ," ಎಂದಳು.

ಕೂತೆ. ಆದರೆ ಹೇಳಲು ಏನೂ ಉಳಿದಿಲ್ಲವೆಂದೆ. ಹಾಗಾದರೆ ಸುಮ್ಮನೆ ಕೂರೋಣ ಎಂದಳು. ಅರ್ಧ ಗಂಟೆ ಸುಮ್ಮನೆ ಕೂತೆವು. ಹೊರಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಕಾದು ಕಾದು ಕೆಂಪಾಗಿದ್ದರು.

"ಸೂಜಿ ಮಾಡಿದ್ರೇನು?"

"ಇಲ್ರಿ."

"ಗುಳಿಗಿ?"

"ಇಲ್ರಿ. ಮಾತಾಡ್ಸಿದ್ರು."

"ಬರೇ ಮಾತಾಡ್ಸಾಕ ಇಷ್ಟು ದೂರ ಬರ್ಬೇಕಾ? ಅದನ್ನ ನಾ ಮನ್ಯಾಗ ಮಾಡ್ತಿದ್ದಿಲ್ಲ?" ಬಸ್ಸು ಬಸವಕಲ್ಯಾಣ ತಲುಪುವವರೆಗೂ ಅದನ್ನೇ ಅಂದರು. ಆದರೂ ಮುಂದಿನ ಗುರುವಾರ ನನಗಿಂತ ಮೊದಲು ಸೀರೆ ಉಟ್ಟು ತಯಾರಾಗಿದ್ದವರು ಅವರೇ.

ಮೂರನೆಯ ಗುರುವಾರ ಅದು ಬಾಯಿಗೆ ಬಂತು. ಮುದುಕಿ "ನೀ ಯಾಕ ಹಿಂಗ ಹೇಳಾಕತ್ತಿ" ಎಂದಾಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ಮುಳ್ಳು ಸರಿಯಾಗಿ ಮೂರು ನಿಮಿಷಕ್ಕೆ ಬಂದಿತ್ತು. ಮಗ ಸತ್ತ ಸುದ್ದಿ ಆಗಷ್ಟೇ ಕೇಳಿದ ತಾಯಿಗೆ ನಾನು, ಅದೇ ದನಿಯಲ್ಲಿ, "ಮೂರು ನಿಮಿಷ ಆಯ್ತ್ರಿ, ಇನ್ನೂ ಬೇಕೇನ್ರಿ?" ಎಂದು ಕೇಳಿದ್ದೆ. ಎರಡೂ ಕಡೆಯಿಂದ ಉತ್ತರ ಬರಲಿಲ್ಲ. ನಿಯಮದಂತೆ ಲೈನ್ ಕಟ್ ಮಾಡಿದೆ.

ಇದನ್ನು ಹೇಳಿದ ಮೇಲೆ ನಾನು ಅತ್ತದ್ದು ಆ ಕೋಣೆಯ ಹೊರಗೂ ಕೇಳಿಸಿತಂತೆ. ಡಾಕ್ಟರು ಸಮಾಧಾನದ ಮಾತು ಒಂದೂ ಆಡಲಿಲ್ಲ, ನಿನ್ನದೇನೂ ತಪ್ಪಿಲ್ಲ ಎನ್ನಲೂ ಇಲ್ಲ. ಅತ್ತು ಮುಗಿಯಲು ಬಿಟ್ಟು ಆಮೇಲೆ ಕೇಳಿದಳು: ಆ ಹೊತ್ತಿಗೆ ನಿಯಮವನ್ನು ಕೈಬಿಟ್ಟಿದ್ದರೆ ನೀವು ಏನನ್ನು ಹಿಡಿದುಕೊಂಡಿರುತ್ತಿದ್ದಿರಿ? ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಆಘಾತವಾದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ನಿಮ್ಮ ಕೈಗೆ ಆ ಮಾತು ಸಿಕ್ಕಿತು ಎಂದಳು. ನಿಮ್ಮ ಮೈ ಆ ಹೆಡ್‌ಸೆಟ್ಟನ್ನು ಕಂಡು ಹೆದರುವುದನ್ನು ಒಂದೇ ದಿನದಲ್ಲಿ ಕಲಿತಿದೆ, ಅದನ್ನು ಬಿಡುವುದಕ್ಕೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಲಿಸಬೇಕು ಎಂದಳು.

ಮೆಟ್ಟಿಲು ಎಂದ ಕೂಡಲೇ ನನಗೆ ಹುರುಪು ಬಂತು. ಕ್ರಮ ಎಂದರೆ ನನ್ನ ಸೀಮೆ. ವೇಳಾಪಟ್ಟಿ ಹಾಕಿ ಎಂದೆ. ಅವಳು ಆಗ ನಕ್ಕಳು, ಪಟ್ಟಿ ನೀವೇ ಹಾಕಿ ಎಂದು ಕಾಗದ ಕೊಟ್ಟಳು.

ಮೊದಲ ವಾರ ಬರೀ ಉಸಿರು. ಮೂಗಿನಿಂದ ಒಳಗೆ, ಬಾಯಿಂದ ನಿಧಾನವಾಗಿ ಹೊರಗೆ, ಬೆಳಿಗ್ಗೆ ಐದೂ ಕಾಲಿಗೆ. ಎರಡನೆಯ ವಾರ ಸಾಹೇಬರನ್ನು ಕೇಳಿ ಕೆಟ್ಟುಹೋದ ಒಂದು ಹೆಡ್‌ಸೆಟ್ ತಂದು ಅಡುಗೆಮನೆಯ ಗೂಡಿನಲ್ಲಿಟ್ಟೆ, ನೋಡುವುದಕ್ಕಷ್ಟೇ. ಆಮೇಲೆ ತೊಡೆಯ ಮೇಲೆ. ಆಮೇಲೆ ಕಿವಿಗೆ. ಕಿವಿಗೆ ಹಾಕಿದ ದಿನ ಗಂಟಲು ಮತ್ತೆ ಕಟ್ಟಿತು. ನಾನು ಉಸಿರು ಎಣಿಸುತ್ತ ಕೂತಿದ್ದಾಗ ಒಲೆಯ ಮುಂದಿನಿಂದ ಅತ್ತೆ ಗಟ್ಟಿಯಾಗಿ ಕರೆದರು.

"ಹಲೋ, ಬೀದರ್ ಕೊಡವ್ವಾ."

ನಾನು ಹೆಡ್‌ಸೆಟ್ ಸರಿಮಾಡಿಕೊಂಡೆ.

"ಎಷ್ಟೊತ್ತ ಕಾಯ್ಬೇಕು? ರೊಟ್ಟಿ ಹೊತ್ತಾಕತ್ತದ. ಬೀದರ್ ಕೊಡ್ತೀಯೋ, ಸಾಹೇಬ್ರಿಗೆ ಅರ್ಜಿ ಬರೀಲೋ?"

ನಗು ಬಂತು. ನಗುವಿನ ಹಿಂದೆಯೇ ದನಿ ಬಂತು. "ಬೀದರ್ ಬಿಜಿ ಅದರಿ," ಎಂದೆ. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದರು. ಅಂದಿನಿಂದ ಪ್ರತಿ ಸಂಜೆ ಅವರು ಕಾಲ್ ಬುಕ್ ಮಾಡುವುದು, ನಾನು ಕೊಡುವುದು. ಅವರು ಬೀದರ್ ದಾಟಿ ಸೋಲಾಪುರಕ್ಕೂ, ಮುಂಬೈಗೂ ಹೋದರು. ಒಮ್ಮೆ ದಿಲ್ಲಿ ಕೇಳಿದರು. ದಿಲ್ಲಿಯಲ್ಲಿ ಯಾರಿದ್ದಾರೆ ಎಂದರೆ, ಅದು ನಿನಗ್ಯಾಕ, ಆಪರೇಟರ್ ಕೆಲಸ ನೋಡು ಎಂದರು.

ಕೊನೆಯ ಮೆಟ್ಟಿಲು ನಿಜವಾದ ಬೋರ್ಡು. ಸಾಹೇಬರು ಕೊಟ್ಟ ಅವಧಿಯಲ್ಲಿ ನಾಲ್ಕು ದಿನ ಉಳಿದಿತ್ತು. ಕಾಲ್ ಕಡಿಮೆ ಇರುವ ಮಧ್ಯಾಹ್ನ ಎರಡಕ್ಕೆ ಕೂತೆ. ಮುಚ್ಚಳ ಟಪ್ಪೆಂದು ಬಿತ್ತು. ಹೈದರಾಬಾದಿನಿಂದ ಮಂಠಾಳಕ್ಕೆ.

ಪಕ್ಕದ ಆಪರೇಟರ್ ಕೈ ಚಾಚಿದಳು, ತಾನು ತೆಗೆದುಕೊಳ್ಳುತ್ತೇನೆಂದು. ಬೇಡವೆಂದು ಕೈ ಮಾಡಿ ಉಸಿರನ್ನು ನಿಧಾನವಾಗಿ ಬಿಟ್ಟು ಲೈನ್ ಕೂಡಿಸಿದೆ. ಮಂಠಾಳದ ಲೈನು ಎಂದಿನಂತೆ ಕ್ಷೀಣ. ಹೈದರಾಬಾದಿನಿಂದ ಮಾತಾಡುತ್ತಿದ್ದಾತ ಎರಡು ಸಲ ಕೂಗಿ ಸೋತು, ನೀವೇ ಹೇಳ್ರಿ ಅಕ್ಕಾ ಎಂದ. ಏನು ಹೇಳಬೇಕೆಂದು ಕೇಳಿದೆ.

"ಎಮ್ಮಿ ಈತೇನು ಕೇಳ್ರಿ."

ಕೇಳಿದೆ. ದನಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಮಂಠಾಳದಲ್ಲಿ ಅವನ ತಮ್ಮನಿರಬೇಕು, ಸಂಭ್ರಮದಲ್ಲಿ ಒಂದೇ ಉಸಿರಿಗೆ ಹೇಳಿದ. ನಾನು ದಾಟಿಸಿದೆ: ಬೆಳಿಗ್ಗೆ ಈದದಂತ್ರಿ, ಹೆಣ್ಣು ಕರ ಹಾಕ್ಯದಂತ, ಎದ್ದು ನಿಂತದಂತ. ಅತ್ತ ಆತ ನಕ್ಕ, ಇತ್ತ ಇವನು ನಕ್ಕ, ಒಬ್ಬರ ನಗು ಒಬ್ಬರಿಗೆ ಕೇಳಿಸದೆ ಎರಡೂ ನನ್ನ ಕಿವಿಯಲ್ಲಿ ಕೂಡಿದವು. ಪಕ್ಕದವಳು ಎದ್ದು ನಿಂತೇ ನೋಡುತ್ತಿದ್ದಳು. ಬಾಗಿಲಲ್ಲಿ ಸಾಹೇಬರು.

ಕಣ್ಣು ಗಡಿಯಾರಕ್ಕೆ ಹೋಯಿತು. ಮುಳ್ಳು ಬಂದಿತ್ತು. ಆ ಮಾತನ್ನು ಹೇಳಲೇಬೇಕಿತ್ತು.

"ಮೂರು ನಿಮಿಷ ಆಯ್ತ್ರಿ. ಇನ್ನೂ ಬೇಕೇನ್ರಿ?"

"ಬೇಕ್ರಿ ಅಕ್ಕಾ," ಎಂದ ಹೈದರಾಬಾದಿನವನು. "ಹಣಿ ಮ್ಯಾಲ ಬಿಳಿ ಚುಕ್ಕಿ ಅದೇನು ಕೇಳ್ರಿ."