ಮೊದಲು ಕೈ ತೋರಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಕಾರಿ ಶೆಡ್ಡಿನ ಕಬ್ಬಿಣದ ಬಾಗಿಲನ್ನು ಒಬ್ಬಾಳು ನುಸುಳುವಷ್ಟು ಸರಿಸಿ ಉಗುರಕ್ಕ ಒಳಗೆ ಹೋಗುತ್ತಾಳೆ. ಹಿಂದೆಯೇ ನಾನು. ದೀಪ ಹಾಕುವ ಮೊದಲು ಆಕೆ ಉಟ್ಟ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾಳೆ. ಕೈ ಒದ್ದೆಯೇನೂ ಆಗಿಲ್ಲ.

ಮೂಲೆಯಲ್ಲಿ ಗೋಣಿತಾಟು ಮುಚ್ಚಿದ ಟೊಮೆಟೊ ಕ್ರೇಟುಗಳಿವೆ. ಹಣ್ಣು ಆರಿಸುವ ಮೇಜಿಗೆ ಕೂರುವ ಒಬ್ಬೊಬ್ಬ ಹೆಂಗಸೂ ನಿನ್ನೆ ತುಂಬಿದ್ದರಲ್ಲಿ ಒಂದೊಂದನ್ನು ತೆಗೆದಿರಿಸಿದ್ದು. ಯಾರದು ಯಾವುದು ಅಂತ ಗೊತ್ತಾಗಲಿ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆಚೂರು ಕಟ್ಟಿದೆ. ಯಾರ ಕ್ರೇಟಿನಲ್ಲಿ ಉಗುರಿನ ಗುರುತು ಕಾಣುತ್ತದೋ ಅವರು ಇವತ್ತೇ ಮೇಜು ಬಿಟ್ಟು ಏಳಬೇಕು. ಮೇಸ್ತ್ರಿಯ ಮಾತು.

ಉಗುರಕ್ಕ ಅಂತ ಹೆಸರಿಟ್ಟವರು ಮೇಜಿನ ಹೆಂಗಸರೇ. ದಿನಾ ಬಾಗಿಲಲ್ಲಿ ಅಡ್ಡ ನಿಂತು, ಬರುವವರ ಮುಖ ನೋಡದೆ ಕೈ ನೋಡುವವಳು ಆಕೆ. ಬಳೆ, ಉಂಗುರ ಬಿಚ್ಚಿಡಬೇಕು. ಉಗುರು ಬೆರಳಿನ ತುದಿ ದಾಟಿದ್ದರೆ ಅಲ್ಲೇ ಕತ್ತರಿಸಿಕೊಂಡು ಒಳಗೆ ಹೋಗಬೇಕು. "ನನ್ ಮಗಳ ಮದ್ವೇಲೂ ಈ ಅಕ್ಕ ಬಾಗಿಲಲ್ಲಿ ನಿಂತ್ರೆ ಗಂಡು ಓಡಿಹೋಗ್ತಾನೆ" ಅಂತ ಒಬ್ಬಳು ಚುಡಾಯಿಸುತ್ತಾಳೆ. "ಓಡೋನು ಮದ್ವೆಗೆ ಮೊದ್ಲೇ ಓಡಿದ್ರೆ ಒಳ್ಳೇದಲ್ವೇನೆ? ಎಲ್ಲಿ, ಆ ಕಿರುಬೆರಳು ತೋರ್ಸು" ಅನ್ನುತ್ತಾಳೆ ಈಕೆ.

ಈಗ ಪೇಪರಿಗೆ ಬರೆಯುವ ನಾನೂ ಒಂದು ಕಾಲಕ್ಕೆ ಈ ಶೆಡ್ಡಿನಲ್ಲಿ ಕ್ರೇಟು ಹೊತ್ತವನು. ಆಕೆ ಮೊದಲ ಸಲ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಲಾರಿಗೆ ಮಾಲು ತುಂಬುತ್ತಿದ್ದ ಗಂಡ ತೀರಿಹೋಗಿದ್ದ. ಅತ್ತೆಯ ಕೈ ಹಿಡಿದುಕೊಂಡೇ ಕೆಲಸ ಕೇಳಲು ಬಂದಿದ್ದಳು. ಮೊದಲು ಸಿಕ್ಕಿದ್ದು ಕ್ರೇಟು ತೊಳೆಯುವ ತೊಟ್ಟಿ. ತಣ್ಣೀರಿನಲ್ಲಿ ನಿಂತು ನಿಂತು ಮಂಡಿ ಕೈಕೊಟ್ಟವು. ಎಷ್ಟೋ ವರ್ಷ ಆದ ಮೇಲೆ ಮೇಜಿನ ಮುಂದೆ ಒಂದು ಸ್ಟೂಲು ಸಿಕ್ಕಿತು. ಆ ಸ್ಟೂಲು ಇದೆ ಅಂತಲೇ ಈ ಮಂಡಿಗಳನ್ನು ಇಟ್ಟುಕೊಂಡು ಇವತ್ತಿಗೂ ದುಡಿಯುತ್ತಿದ್ದಾಳೆ.

ದಿನಕ್ಕೆ ಮುನ್ನೂರು, ನಾನೂರು ಕ್ರೇಟು ಆ ಮೇಜಿನ ಮೇಲೆ ಹಾಯುತ್ತವೆ. ಬರುವುದೆಲ್ಲ ದೋರೆಗಾಯಿ, ಹಸಿರು ಬಿಟ್ಟು ಕೆಂಪಿಗೆ ತಿರುಗುತ್ತಿರುವ ಟೊಮೆಟೊ. ತೊಟ್ಟು ತೆಗೆದು, ಒರೆಸಿ, ಗಾತ್ರ ನೋಡಿ ಜೋಡಿಸಬೇಕು. ಹಸುಗೂಸಿನ ತಲೆ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿಯಬೇಕು. ಉಗುರು ತಾಗಿದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಮಾರನೆಯ ದಿನ ಅಲ್ಲಿ ಕಪ್ಪನೆಯ ಸಣ್ಣ ಗೆರೆ ಏಳುತ್ತದೆ. ಆಮೇಲೆ ನೀರು ಬಿಟ್ಟುಕೊಂಡು ಪಕ್ಕದ ಹಣ್ಣನ್ನೂ ಕೆಡಿಸುತ್ತದೆ. ಇಲ್ಲಿ ಮಾಡಿದ ತಪ್ಪು ಕಾಣಿಸುವುದು ದೂರದಲ್ಲಿ, ಕೊಳ್ಳುವವರ ಬಾಗಿಲಲ್ಲಿ.

ಹಾಗೆ ಎರಡು ಲೋಡು ವಾಪಸು ಬಂದಿವೆ. ಮೂರನೆಯದೂ ಬಂದರೆ ನಿಮ್ಮ ಮಾಲೇ ಬೇಡ ಅಂತ ಕೊಳ್ಳುವವರು ಹೇಳಿಕಳಿಸಿದ್ದಾರೆ. ಆಗ ಇಡೀ ಮೇಜಿಗೆ ಮೇಜೇ ಮನೆಗೆ. ಎಲ್ಲರ ಅನುಮಾನ ಸೂಜಿಯ ಮೇಲೆ. ಸೂಜಿ ಹೊಸಬಳು. ಮೊದಲು ಬಟ್ಟೆ ಹೊಲಿಯುತ್ತಿದ್ದವಳು, ಅದಕ್ಕೇ ಆ ಹೆಸರು. ಬೆರಳು ಚುರುಕು, ತುದಿ ಗಡಸು. ಈಗೀಗ ಅವಳ ಪಕ್ಕದ ಸ್ಟೂಲಿನಲ್ಲಿ ಯಾರೂ ಕೂರುತ್ತಿಲ್ಲ.

"ಇವಳನ್ನ ಕಳಿಸಿಬಿಟ್ರೆ ತಲೆನೋವು ಹೋಗುತ್ತೆ" ಅಂದಿದ್ದ ಮೇಸ್ತ್ರಿ, ನಿನ್ನೆ ಸಂಜೆ ಎಲ್ಲರೆದುರು.

"ಕಳಿಸಿ. ಆದ್ರೆ ನೋಡಿ ಕಳಿಸಿ" ಅಂದಳು ಉಗುರಕ್ಕ. "ಎಲ್ಲರದೂ ಒಂದೊಂದು ಕ್ರೇಟು ಇಲ್ಲೇ ಇರ್ಲಿ. ಬೆಳಿಗ್ಗೆ ಹಣ್ಣೇ ಹೇಳುತ್ತೆ."

"ಆಯ್ತು. ಯಾರದ್ರಲ್ಲಿ ಗುರುತಿರುತ್ತೋ ಅವ್ರು ಮೇಜು ಬಿಡ್ಬೇಕು. ಆಮೇಲೆ ಅಳೋದು ಕರೆಯೋದು ನನ್ ಹತ್ರ ನಡೆಯಲ್ಲ."

ಸೂಜಿ ತಲೆ ಎತ್ತಿದಳು. "ಹಂಗಾದ್ರೆ ಅಕ್ಕಂದೂ ಇಡ್ಲಿ."

"ಅಬ್ಬಾ, ಬಾಯಿ ನೋಡು!" ಅಂದರು ಯಾರೋ. ಉಗುರಕ್ಕ ನಕ್ಕುಬಿಟ್ಟಳು. "ಇಡೋಣ ಕಣೆ. ನಂದೇನು ಚಿನ್ನದ ಕೈಯಾ?"

ಈಗ ಗೋಣಿತಾಟು ಎತ್ತುತ್ತಾಳೆ. "ಸೂಜೀದೇ ಆಗಿದ್ರೆ ಬಾಗಿಲಲ್ಲೇ ಕಿವೀಲಿ ಹೇಳಿ ಕಳಿಸ್ಬಿಡ್ತೀನಿ ಅಣ್ಣ. ಎಲ್ಲರೆದುರು ಬೇಡ. ಎರಡು ಮಕ್ಕಳ ತಾಯಿ" ಅನ್ನುತ್ತಾಳೆ. ಇಷ್ಟು ಬೇಗ ಬಂದದ್ದು ಅದಕ್ಕೇ. ಮೊದಲು ಸೂಜಿಯ ನೀಲಿ ಚೂರಿನ ಕ್ರೇಟು. ಒಂದೊಂದೇ ಹಣ್ಣನ್ನು ದೀಪದ ಕೆಳಗೆ ತಿರುಗಿಸುತ್ತಾಳೆ. ಒಂದು ಗೀರೂ ಇಲ್ಲ. ಉಸಿರು ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾಳೆ. ಅದೂ ಚೊಕ್ಕ. ಅದರಾಚೆಯದೂ ಚೊಕ್ಕ. ಕೊನೆಗೆ ಉಳಿದದ್ದು ಹಸಿರು ಚೂರಿನದು, ತನ್ನದೇ.

ಮೇಲಿನ ಸಾಲಿನಲ್ಲೇ ಒಂದು ಕಪ್ಪು ಗೆರೆ. ಪಕ್ಕದ ಹಣ್ಣಿನಲ್ಲಿ ಇನ್ನೊಂದು. ಕೆಳಗಿನ ಸಾಲಿನಲ್ಲಿ ಮತ್ತೆರಡು.

ಆಕೆ ಬಲಗೈ ಹೆಬ್ಬೆರಳನ್ನು ದೀಪಕ್ಕೆ ಹಿಡಿಯುತ್ತಾಳೆ. ಹಿಂದೊಮ್ಮೆ ಈ ಶೆಡ್ಡಿನ ಬಾಗಿಲಿಗೇ ಸಿಕ್ಕಿಕೊಂಡು ಜಜ್ಜಿಹೋದ ಬೆರಳು. ಉಗುರು ಬಿದ್ದು, ಮತ್ತೆ ದಪ್ಪಗೆ ಮಡಚಿಕೊಂಡು ಬಂದಿದೆ.

ಹೊರಗೆ ಚಪ್ಪಲಿ ಸದ್ದು. ಆಕೆಯ ಕೈ ಹಸಿರು ಚೂರಿನ ಗಂಟಿನ ಮೇಲಿದೆ. "ಇದನ್ನ ಬಿಚ್ಚಿ ಬೇರೆ ಕ್ರೇಟಿಗೆ ಕಟ್ಟಿದ್ರೆ ಯಾರಿಗೆ ಗೊತ್ತಾಗುತ್ತೆ ಅಣ್ಣ?" ಅನ್ನುತ್ತಾಳೆ, ನನ್ನ ಕಡೆ ತಿರುಗದೆ. ಗಂಟು ಅರ್ಧ ಸಡಿಲವಾಗಿದೆ. ಬಾಗಿಲ ಹತ್ತಿರ ಯಾರೋ ಕೆಮ್ಮುತ್ತಾರೆ. ಆಕೆ ಗಂಟನ್ನು ಮತ್ತೆ ಬಿಗಿದು, ಕ್ರೇಟನ್ನು ಬಾಗಿಲ ತನಕ ಎಳೆದುಕೊಂಡು ಹೋಗುತ್ತಾಳೆ.

ಮೊದಲು ಬಂದವಳು ಸೂಜಿಯೇ. ಅಭ್ಯಾಸದಂತೆ ಎರಡೂ ಕೈ ಚಾಚುತ್ತಾಳೆ.

"ಇವತ್ತು ನೀನು ನನ್ನ ಕೈ ನೋಡೆ."

ಸೂಜಿಗೆ ಅರ್ಥವಾಗುವುದಿಲ್ಲ. ಕ್ರೇಟಿನತ್ತ ನೋಡಿದ ಮೇಲೆ ಆಗುತ್ತದೆ. ಬಾಗಿ, ಆ ಹೆಬ್ಬೆರಳಿನ ಅಂಚಿನ ಮೇಲೆ ತನ್ನ ಬೆರಳು ಆಡಿಸುತ್ತಾಳೆ. "ಇಲ್ಲಿದೆ ಅಕ್ಕ, ಮೂಲೇಲಿ. ಮುಳ್ಳಿನ ಹಂಗೆ. ನಿಮ್ಗೆ ಗೊತ್ತಾಗಲ್ವಾ?"

"ಚುಚ್ಚಿದ್ರೂ ಗೊತ್ತಾಗಲ್ಲ. ಜೀವ ಇಲ್ಲ ಆ ಬೆರಳಿಗೆ."

ಅಷ್ಟರಲ್ಲಿ ಎಲ್ಲರೂ ಬಂದು ಸುತ್ತುವರಿದಿದ್ದಾರೆ. ಮೇಸ್ತ್ರಿ ಹಣ್ಣು ಎತ್ತಿ ನೋಡುತ್ತಾನೆ, ಚೂರಿನ ಬಣ್ಣ ನೋಡುತ್ತಾನೆ. "ಅಲ್ಲಾ... ನೀನಾ?" ತಲೆ ಕೆರೆದುಕೊಳ್ಳುತ್ತಾನೆ. "ಹೋಗ್ಲಿ ಬಿಡು, ಉಗುರು ತೆಗೆದು ಕೂತ್ಕೋ."

"ಅವಳಿಗಾದ್ರೆ ಒಂದು, ನಂಗಾದ್ರೆ ಒಂದಾ? ಮಾತು ನಿಮ್ದೇ ಮೇಸ್ತ್ರಿ."

ಮೇಸ್ತ್ರಿ ಆಕೆಯ ಮಂಡಿಯ ಕಡೆ ಒಮ್ಮೆ, ತೊಟ್ಟಿಯ ಕಡೆ ಒಮ್ಮೆ ನೋಡಿ, "ಹಂಗಾದ್ರೆ ತೊಟ್ಟಿಗೆ ಹೋಗು" ಅನ್ನುತ್ತಾನೆ. ಮುಖ ಮಾತ್ರ ಬೇರೆ ಕಡೆ.

ಇದಾದ ಮೇಲೆ ಹೋದ ಯಾವ ಲೋಡೂ ವಾಪಸು ಬಂದಿಲ್ಲ. ಮೇಜು ನಡೆಯುತ್ತಿದೆ. ಉಗುರಕ್ಕ ಮಂಡಿಗೆ ಬಟ್ಟೆ ಬಿಗಿದುಕೊಂಡು ತಣ್ಣೀರಿನಲ್ಲಿ ನಿಂತು ಕ್ರೇಟು ಉಜ್ಜುತ್ತಾಳೆ, ಮೇಜಿನ ಕಡೆ ಬೆನ್ನು ಹಾಕಿ. ಬಾಗಿಲಲ್ಲಿ ಕೈ ನೋಡುವ ಕೆಲಸ ಈಗ ಸೂಜಿಯದು. ತೊಟ್ಟಿಯವರು ಕೈ ತೋರಿಸಬೇಕಾಗಿಲ್ಲ, ಆದರೂ ಈಕೆ ಸಾಲಿನಲ್ಲಿ ನಿಂತು ಚಾಚುತ್ತಾಳೆ. ಸೂಜಿ ಉಪ್ಪುಕಾಗದದಿಂದ ಆ ಮೂಲೆಯನ್ನು ಉಜ್ಜಿ ನುಣುಪು ಮಾಡುತ್ತಾಳೆ. "ನೋಡೋದು ಕಲಿತಿದಾಳೆ" ಅನ್ನುತ್ತಾಳೆ ಉಗುರಕ್ಕ. "ನಂಗಿಂತ ಜೋರು."

ಒಂದು ಸಂಜೆ ಆಕೆಯ ಮನೆಗೆ ಹೋಗುತ್ತೇನೆ. ಒಂದೇ ಕೋಣೆ. ಮಂಚದ ಮೇಲೆ ಅತ್ತೆ, ಈಚೆಗೆ ಎರಡೂ ಕಣ್ಣು ಮಂಜು. ಸೊಸೆಯ ಹೆಜ್ಜೆ ಕೇಳಿದೊಡನೆ ದಿಂಬಿನ ಕೆಳಗಿಂದ ಉಗುರುಕತ್ತರಿ ತೆಗೆಯುತ್ತಾರೆ. ಎಡಗೈ ಉಗುರು ಆಕೆಯೇ ಕತ್ತರಿಸಿಕೊಳ್ಳುತ್ತಾಳೆ. ಬಲಗೈಯದು ಮಾತ್ರ ಮೊದಲಿನಿಂದಲೂ ಅತ್ತೆಯ ಪಾಲು. ತಡವಿ ತಡವಿ ಕತ್ತರಿಸುತ್ತಾರೆ. ಹೆಬ್ಬೆರಳಿನ ಮೂಲೆಗೆ ಕತ್ತರಿ ಮುಟ್ಟುವುದೇ ಇಲ್ಲ, ಅಲ್ಲಿ ಬೆಳಿಗ್ಗೆ ಸೂಜಿ ಉಜ್ಜಿದಷ್ಟೇ. ಅದು ಈಗ ನನ್ನ ಕಣ್ಣಿಗೂ ಕಾಣುತ್ತದೆ.

"ಅಲ್ಲಿ ಮೇಜಿನ ಮೇಲೆ ಇವಳ ಕೈ ಅಂದ್ರೆ ಕೈ" ಅನ್ನುತ್ತಾರೆ ಅಜ್ಜಿ ನನ್ನ ಕಡೆ ಮುಖ ಮಾಡಿ. "ಸುಮ್ನೆ ಅಲ್ಲ. ದಿನಾ ನಾನು ನೋಡ್ಕೋತೀನಲ್ಲ."

"ಹೂಂ ಅತ್ತೆ" ಅನ್ನುತ್ತಾಳೆ ಸೊಸೆ, ಒದ್ದೆ ಬಟ್ಟೆಯನ್ನು ಮಂಡಿಯಿಂದ ಸದ್ದಾಗದಂತೆ ಬಿಚ್ಚುತ್ತಾ.

ಬೀದಿಯ ತಿರುವಿನ ತನಕ ನನ್ನನ್ನು ಬಿಡಲು ಬರುತ್ತಾಳೆ. ಸ್ಟೂಲು ಮತ್ತೆ ಸಿಗುತ್ತದಾ ಅಂತ ಕೇಳಿದರೆ, "ಸಿಕ್ಕಾಗ ಸಿಗ್ಲಿ" ಅನ್ನುತ್ತಾಳೆ. ಆಮೇಲೆ ದನಿ ತಗ್ಗಿಸುತ್ತಾಳೆ.

"ಪೇಪರಲ್ಲಿ ಬರೀರಿ ಅಣ್ಣ, ಬೇಡ ಅನ್ನಲ್ಲ. ಅಕ್ಕಪಕ್ಕದವ್ರು ಯಾರೂ ಅತ್ತೆಗೆ ಓದಿ ಹೇಳ್ದಿದ್ರೆ ಸಾಕು. ನನ್ ಉಗುರು ತೆಗೆಯೋದು, ಉಳಿದಿರೋದು ಅದೊಂದೇ ಕೆಲಸ ಅವ್ರಿಗೆ."