ಏಳು ಸಾಲಿಗೆ ಎಂಟು ತಿಂಗಳು

ನಲವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ, ಮತ್ತು ದೇವರ ದಯೆಯಿಂದ ಕೊನೆಯ ಬಾರಿಗೆ, ಹತ್ತು ಜನರ ಮುಂದೆ ನಿಂತು ನಮಾಜು ಓದಿಸಿದೆ. ಮೈಸೂರಿನಲ್ಲಿ ಬಂಧುಗಳ ಮನೆಯ ನಿಶ್ಚಿತಾರ್ಥ. ಮಸೀದಿ ದೂರವಿತ್ತು, ಸೂರ್ಯ ಆಗಲೇ ಮುಳುಗಿದ್ದ, ಮಧ್ಯಾಹ್ನದ ಬಿರಿಯಾನಿ ಇನ್ನೂ ಹೊಟ್ಟೆಯಲ್ಲಿ ಕೂತಿತ್ತು. "ನೀವು ಮೇಷ್ಟ್ರು, ನೀವೇ ಮುಂದೆ ನಿಂತ್ಕೊಳ್ಳಿ" ಎಂದರು. ಇಪ್ಪತ್ತು ವರ್ಷ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿದವನಿಗೆ ಜನರ ಮುಂದೆ ನಿಲ್ಲುವುದು ಹೊಸದೇನಲ್ಲ. ನಿಂತೆ. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ. ಮುಗಿಸಿ, ಒಂದೆರಡು ಮೆಚ್ಚುಗೆಯ ಮಾತಿಗೆ ಮುಖವನ್ನು ಸಿದ್ಧಮಾಡಿಕೊಂಡು ಹಿಂದಿರುಗಿ ನೋಡಿದರೆ, ಹತ್ತು ಜನರಲ್ಲಿ ಮೂವರು ಮೂರು ಮೂಲೆಗಳಿಗೆ ಹೋಗಿ ಅದೇ ನಮಾಜನ್ನು ಮೊದಲಿನಿಂದ ಓದುತ್ತಿದ್ದರು.

ಸಭ್ಯರು ಅವರು. ಓದಿಸುವವನ ಉಚ್ಚಾರ ತಪ್ಪಿದರೆ ಹಿಂದೆ ನಿಂತವರ ನಮಾಜೂ ಕೆಡುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವರಲ್ಲೊಬ್ಬರು ಆಮೇಲೆ ನನಗೆ ಎಲೆ ಅಡಿಕೆಯನ್ನೂ ಮಡಿಸಿಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಎಲೆ ಅಡಿಕೆ ಅಷ್ಟು ಸುಲಭವಾಗಿ ಜೀರ್ಣವಾಗುವಂಥದ್ದಾಗಿರಲಿಲ್ಲ.

ಹೀಗಾಗಿ ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ, ಶಾಲೆಗಳು ಶುರುವಾಗುವ ಹೊತ್ತಿಗೇ, ನಾನೂ ಒಂದು ಶಾಲೆಗೆ ಸೇರಿದೆ. ನಂಜನಗೂಡಿನ ಒಂದು ಮಸೀದಿಯಲ್ಲಿ ಸಂಜೆಯ ಎರಡು ನಮಾಜುಗಳ ನಡುವೆ ಕುರ್‌ಆನ್ ಓದು ಕಲಿಸುತ್ತಿದ್ದರು. ಕಲಿಸುವವರನ್ನು ಎಲ್ಲರೂ ಹಜ್ರತ್ ಎನ್ನುತ್ತಿದ್ದರು. ಹಜ್ರತ್ ಎಂದಾಗ ನಾನು ಬಿಳಿ ಗಡ್ಡವನ್ನು ನಿರೀಕ್ಷಿಸಿದ್ದೆ. ಇವರಿಗೆ ಇಪ್ಪತ್ತೆಂಟು. ನನ್ನ ಶಾಲೆಯಲ್ಲಿ ಓದಿದ್ದರೆ ನನ್ನ ಕೈಯಿಂದ ಏಟು ತಿಂದಿರುತ್ತಿದ್ದ ವಯಸ್ಸು. ಸಹಪಾಠಿಗಳಿಗೆ ಏಳು, ಎಂಟು, ಹೆಚ್ಚೆಂದರೆ ಒಂಬತ್ತು. ಅವರ ನಡುವೆ ಚಾಪೆಯ ಮೇಲೆ, ಮಂಡಿ ಮಡಚಲಾರದೆ, ಒಂದು ಕಾಲು ಚಾಚಿಕೊಂಡು ನಾನು.

ಮೇಷ್ಟ್ರ ಚಾಳಿ ಬಿಡುತ್ತದೆಯೇ? ಮೊದಲ ದಿನವೇ ಒಂದು ಪಾಠಯೋಜನೆ ಬರೆದು ಒಯ್ದಿದ್ದೆ. ಒಟ್ಟು ಮೂವತ್ತು ಭಾಗ, ತಿಂಗಳಿಗೆ ಮೂರು, ರಂಜಾನಿಗೆ ರಜೆ ಕಳೆದರೂ ಮುಂದಿನ ಪರೀಕ್ಷೆಗಳ ಹೊತ್ತಿಗೆ ಮುಕ್ತಾಯ. ಹಜ್ರತ್ ಅದನ್ನು ಗೌರವದಿಂದ ಓದಿ, ನಾಲ್ಕಾಗಿ ಮಡಚಿ, ನನಗೇ ಹಿಂದಿರುಗಿಸಿದರು.

"ಸರಿಯಾಗಿ ಓದೋಕೆ ಎಷ್ಟು ದಿನ ಬೇಕಾಗುತ್ತೆ ಹಜ್ರತ್?" ಎಂದೆ.

"ಗೊತ್ತಿಲ್ಲ ಮಾಸ್ಟರ್ ಸಾಬ್. ನನ್ನದು ಇಪ್ಪತ್ತೊಂದನೇ ವರ್ಷ ನಡೀತಿದೆ."

ಮೊದಲ ಪಾಠ ಫಾತಿಹಾ, ಅಂದರೆ ಕುರ್‌ಆನಿನ ಮೊದಲ ಅಧ್ಯಾಯ. ಏಳೇ ಏಳು ಸಾಲು. ದಿನಕ್ಕೆ ಹತ್ತಾರು ಬಾರಿ ನಮಾಜಿನಲ್ಲಿ ಓದುವಂಥದ್ದು. ಹಾಲು ಕುಡಿದಷ್ಟೇ ಸಲೀಸಾಗಿ ನನಗೆ ಬರುತ್ತದೆಂದು ತಿಳಿದಿದ್ದೆ. ಎರಡನೆಯ ಪದಕ್ಕೇ ಹಜ್ರತ್ ಕೈ ಎತ್ತಿದರು. ನನ್ನ 'ಹ' ಎದೆಯಿಂದ ಬರುತ್ತಿದೆಯಂತೆ. ಗಂಟಲ ನಡುವಿನಿಂದ ಬರಬೇಕಂತೆ. ನಂಜನಗೂಡು ತಾಲ್ಲೂಕಿನ ಮಕ್ಕಳು 'ಅಳ್ಳಿ' ಎಂದಾಗಲೆಲ್ಲ 'ಹಳ್ಳಿ ಅನ್ನೋ' ಎಂದು ಇಪ್ಪತ್ತು ವರ್ಷ ಕಿವಿ ಹಿಂಡಿದವನು ನಾನು. ಈ ಸೀಮೆಯಲ್ಲಿ ಹಕಾರದ ಏಕೈಕ ರಕ್ಷಕ ನಾನೇ ಎಂಬ ಗರ್ವವಿತ್ತು. ಆ ಒಂದು ಅಕ್ಷರವನ್ನು ಗಂಟಲಲ್ಲಿ ಕೂರಿಸುವುದಕ್ಕೆ ಐದು ವಾರ ಹಿಡಿಯಿತು. ಪಕ್ಕದಲ್ಲಿದ್ದ ಏಳು ವರ್ಷದ ಸಹಪಾಠಿ ಅದನ್ನು ಮೂರನೇ ದಿನಕ್ಕೇ ಮುಗಿಸಿ, ನನ್ನತ್ತ ಕನಿಕರದಿಂದ ನೋಡಿ, ಮುಂದಿನ ಪುಟಕ್ಕೆ ಹೋಯಿತು.

ಆಮೇಲೆ ಎಳೆತಗಳು. ಕೆಲವು ಸ್ವರಗಳನ್ನು ಎರಡೆಣಿಕೆ ಎಳೆಯಬೇಕು, ಕೆಲವನ್ನು ನಾಲ್ಕು, ಕೆಲವನ್ನು ಆರು. ಒಂದೊಂದು ಬೆರಳು ಮಡಿಸುತ್ತಾ ಎಣಿಸುವುದು ಪದ್ಧತಿ. ನನಗೆ ಎಣಿಸಿದರೆ ಎಳೆತ ತಪ್ಪುತ್ತಿತ್ತು, ಎಳೆದರೆ ಎಣಿಕೆ ತಪ್ಪುತ್ತಿತ್ತು. ನಂಜನಗೂಡಿನಿಂದ ನಮ್ಮೂರು ತಿರುಮಕೂಡಲು ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬೆರಳು ಮಡಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದವನನ್ನು ಕಂಡು, ಕಂಡಕ್ಟರ್ ಒಮ್ಮೆ "ಯಾಕ್ ಸಾ, ಸಾಲ ಗೀಲ ಜಾಸ್ತಿ ಆಗ್ಯದಾ?" ಎಂದು ಅನುಕಂಪದಿಂದ ಕೇಳಿದ್ದ.

ಸ್ಟಾಫ್ ರೂಮಿನಲ್ಲಿ ನನ್ನ ಪ್ರಗತಿಯನ್ನು ವಿಚಾರಿಸಿಕೊಳ್ಳುತ್ತಿದ್ದವರು ಸಂಸ್ಕೃತದ ಮೇಷ್ಟ್ರು. ಅರ್ಚಕರ ಮನೆತನದವರು.

"ಎಷ್ಟ್ ತಿಂಗಳಾಯ್ತ್ರೀ ಸೇರಿ?"

"ಐದು."

"ಎಲ್ಲೀವರೆಗೆ ಬಂದಿದೆ?"

"ನಾಲ್ಕನೇ ಸಾಲು."

"ಪರವಾಗಿಲ್ಲ ಕಣ್ರೀ, ವೇಗವಾಗೇ ಹೋಗ್ತಿದೀರಿ" ಎಂದು ಅವರು ನಶ್ಯ ಏರಿಸಿದರು. "ನಮ್ಮಪ್ಪ ನಂಗೆ ವೇದ ಹೇಳಿಕೊಟ್ಟಾಗ ಒಂದು ಪುಟಕ್ಕೆ ಒಂದು ಬೇಸಿಗೆ ಆಯ್ತು. ಸ್ವರ ತಪ್ಪಿದ್ರೆ ಕಿವಿ ಹಿಡಿದು ಎಳೆಯೋರು. ಕೊನೆಗೆ ಕಿವಿ ಉದ್ದ ಆಯ್ತೇ ಹೊರತು ಸ್ವರ ಎಲ್ಲಿತ್ತೋ ಅಲ್ಲೇ ಉಳೀತು. ಅದಕ್ಕೇ ಗರ್ಭಗುಡಿ ತಮ್ಮನಿಗೆ ಹೋಯ್ತು, ನನಗೆ ಬಿ.ಎಡ್ ಬಂತು."

ಎಂಟನೆಯ ತಿಂಗಳಲ್ಲಿ, ಒಂದು ಗುರುವಾರ, ನಾನು ಏಳು ಸಾಲುಗಳನ್ನೂ ಓದಿದೆ. ಹಜ್ರತರ ಕೈ ಮೇಲೇಳಲಿಲ್ಲ. "ಹೂಂ, ಪುಟ ತಿರುಗಿಸಿ" ಎಂದರು. ಪಾಠ ದಾಟಿದವರು ಸಿಹಿ ಹಂಚುವುದು ಅಲ್ಲಿಯ ವಾಡಿಕೆ. ನಾನು ಎರಡು ಕಿಲೋ ಬೂಂದಿ ತಂದೆ. ಸಹಪಾಠಿಗಳು ಜೇಬು ತುಂಬಿಕೊಂಡು, "ಅಂಕಲ್, ಮುಂದಿನ ಪಾಠ ಯಾವಾಗ ಮುಗಿಯುತ್ತೆ?" ಎಂದು ಆಸೆಯಿಂದ ಕೇಳಿದರು.

ಅನಾಹುತವಾದದ್ದು ಮರುದಿನ ಬೆಳಗ್ಗೆ.

ಮನೆಯಲ್ಲಿ ನನ್ನ ತಾಯಿ ಇದ್ದಳು. ಆಗ ಎಪ್ಪತ್ತರ ಆಸುಪಾಸು. ಮೂಗೂರಿನಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಮಾತು ಉರ್ದು, ಆದರೆ ಅಮ್ಮನಿಗೆ ಕೋಪ ಬಂದಾಗ ಮಾತ್ರ ಉರ್ದು ಪೂರ್ತಿಯಾಗಿ ಬರುತ್ತಿತ್ತು. ದುಃಖವಾದರೆ ಮೂಗೂರಿನ ಕನ್ನಡ. ಅಪ್ಪ ತೀರಿಕೊಂಡ ಮೇಲಿನ ಹತ್ತೊಂಬತ್ತು ವರ್ಷಗಳಲ್ಲಿ ಅವಳು ಒಂದು ದಿನವೂ ತಪ್ಪಿಸದೆ, ಬೆಳಗಿನ ನಮಾಜಿನ ನಂತರ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಯಾಸೀನ್ ಓದುತ್ತಿದ್ದಳು. ಎಂಬತ್ತಮೂರು ಆಯತುಗಳ, ಅಂದರೆ ಅಷ್ಟು ಸಾಲುಗಳ, ಕುರ್‌ಆನಿನ ಅಧ್ಯಾಯ ಅದು. ಅಕ್ಷರ ಓದಲು ಬಾರದವಳು, ಎಲ್ಲವೂ ಬಾಯಿಪಾಠ. ಮುಗಿಸಿ, ಅದರ ಪುಣ್ಯ ಇಂಥವರಿಗೆ ಸೇರಲಿ ಎಂದು ತೀರಿಕೊಂಡವರ ಹೆಸರು ಹೇಳುತ್ತಿದ್ದಳು. ಮೊದಲ ಹೆಸರು ಅಪ್ಪನದು.

ಆ ಶುಕ್ರವಾರ ಚಹಾ ಕುಡಿಯುತ್ತಾ ಕೂತಿದ್ದ ನನ್ನ ಕಿವಿ ಹಿಂದಿನ ದಿನವಷ್ಟೇ ಪಾಸಾಗಿ ಬಂದಿತ್ತು. ಹತ್ತೊಂಬತ್ತು ವರ್ಷ ಕೇಳಿದ್ದ ಓದಿನಲ್ಲಿ ನನಗೆ ಮೊದಲ ಬಾರಿಗೆ ತಪ್ಪುಗಳು ಕೇಳಿಸಿದವು. ಎರಡೆಣಿಕೆ ಇರಬೇಕಾದಲ್ಲಿ ಆರು. ನಾಲ್ಕಿದ್ದಲ್ಲೂ ಆರು. ಎಳೆಯಲೇಬಾರದ ಕಡೆಯೂ ಅದೇ ಉದ್ದನೆಯ ಎಳೆತ. ಒಬ್ಬ ಮಗ ಸುಮ್ಮನಿರುತ್ತಿದ್ದ. ಒಬ್ಬ ಮೇಷ್ಟ್ರು ಸುಮ್ಮನಿರುತ್ತಾನೆಯೇ? ಉತ್ತರ ಪತ್ರಿಕೆಯ ಹಾಳೆಯೊಂದರ ಬೆನ್ನ ಮೇಲೆ ಕೆಂಪು ಪೆನ್ನಿನಲ್ಲಿ ಪಟ್ಟಿ ಮಾಡಿಕೊಂಡು, ಅವಳು ಮುಗಿಸುವವರೆಗೂ ಕಾಯದೆ, ಅಲ್ಲಿಗೇ ಹೋಗಿ ನಿಂತೆ.

"ಅಮ್ಮಿ, ಅಲ್ಲೆಲ್ಲ ಅಷ್ಟು ಎಳೀಬಾರದು. ತಪ್ಪಾಗುತ್ತೆ."

"ಎಲ್ಲಿ?"

ನಾನು ಪಟ್ಟಿ ಓದಿದೆ. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ಕೋಪ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಬಂದದ್ದು ಕನ್ನಡ.

"ಅಂಗಾರೆ ಇಷ್ಟು ವರ್ಸ ನಿಮ್ಮಪ್ಪಂಗೆ ಕಳ್ಸಿದ್ದೆಲ್ಲ ಎಲ್ಗೋಯ್ತು ಮಗ?"

ಇದಕ್ಕೆ ಲೋಕದಲ್ಲಿ ಒಂದೇ ಉತ್ತರವಿದೆ; ಅದನ್ನು ಬಿಟ್ಟು ಬೇರೆಲ್ಲವನ್ನೂ ನಾನು ಹೇಳಿದೆ. ತಪ್ಪುಗಳಲ್ಲಿ ದೊಡ್ಡದು, ಚಿಕ್ಕದು ಎಂಬ ವಿಂಗಡಣೆ ಇದೆಯೆಂದೂ, ಅವಳದರಲ್ಲಿ ಹೆಚ್ಚಿನವು ಚಿಕ್ಕವೆಂದೂ, ಕೆಲವನ್ನು ಮಾತ್ರ ವಿಚಾರಿಸಬೇಕೆಂದೂ ಸೋದಾಹರಣವಾಗಿ ವಿವರಿಸಿದೆ. ಅವಳು ಎದ್ದು ಒಲೆಯ ಕಡೆಗೆ ಹೋದಳು. ಮರುದಿನ ಬೆಳಗ್ಗೆ ನಮಾಜು ಮುಗಿಸಿ ನೇರವಾಗಿ ಒಲೆ ಹಚ್ಚಿದಳು. ಅದರ ಮರುದಿನವೂ ಅಷ್ಟೇ.

ಐದನೆಯ ದಿನ ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದಳು. ಎರಡು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದವಳು.

"ಯಾಕ್ ಸಾ, ಅಮ್ಮಾರ್ಗೆ ಉಸಾರಿಲ್ವಾ? ಸದ್ದೇ ಇಲ್ವಲ್ಲ."

"ಚೆನ್ನಾಗೇ ಇದಾರೆ."

"ಅಯ್ಯೋ, ಅವ್ರು ಓದಾಕ್ ಸುರು ಮಾಡುದ್ರೆ ನಾನು ಅಸ ಕರ್ಯಾಕ್ ಕುಂತ್ಕತಿದ್ದೆ. ಅವ್ರು ಮುಗ್ಸೋ ಒತ್ಗೆ ಎರಡೂ ಆಗ್ಬುಡ್ತಿತ್ತು. ಈಗ ಅಸೂಗೂ ಗ್ಯಾನವಿಲ್ಲ, ನಂಗೂ ಇಲ್ಲ. ಏನಂದ್ರಿ ಅವ್ರಿಗೆ?"

ಏನೋ ಅಂದವನು ನಾನೇ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಅಂದು ಸಂಜೆ ಪಾಠ ಮುಗಿದ ಮೇಲೆ ಹಜ್ರತರಿಗೆ ಎಲ್ಲವನ್ನೂ ಹೇಳಿದೆ. ಏನಾದರೊಂದು ಪರಿಹಾರವನ್ನು ಚೀಟಿಯಲ್ಲಿ ಬರೆದುಕೊಡಬಹುದೆಂಬ ಆಸೆಯಿತ್ತು. ಅವರು ಕೇಳಿದ್ದು ಇಷ್ಟೇ.

"ಮಾಸ್ಟರ್ ಸಾಬ್, ನಮ್ಮಲ್ಲಿ ಗುರು ಅನುಮತಿ ಕೊಡೋವರೆಗೆ ಬೇರೆಯವರನ್ನ ತಿದ್ದೋ ಹಾಗಿಲ್ಲ. ನಿಮಗೆ ಯಾರು ಕೊಟ್ಟರು?"

"ಯಾರೂ ಇಲ್ಲ."

"ಏಳು ಆಯತು ಮೊನ್ನೆ ದಾಟಿದೋರು ಎಂಬತ್ತಮೂರು ಆಯತಿನೋರನ್ನ ತಿದ್ದಿದಿರಿ. ಅದೂ ಕೆಂಪು ಪೆನ್ನಲ್ಲಿ." ಮಕ್ಕಳ ಚಾಪೆ ಸುತ್ತಿಡುತ್ತಾ, "ಭಾನುವಾರ ನಾನೇ ಬರ್ತೀನಿ" ಎಂದರು.

ಬಂದರು. ಅವರನ್ನು ನಡುಮನೆಯಲ್ಲಿ ಕೂರಿಸಿದೆ. ಅಮ್ಮ ಅಡುಗೆಮನೆಯ ಬಾಗಿಲ ಪರದೆಯ ಆಚೆ ಕೂತಳು. ಓದಲು ಒಪ್ಪಲೇ ಇಲ್ಲ. "ತಪ್ಪು ತಪ್ಪಾಗಿ ಓದೋದ್ನ ಕೇಳಾಕೆ ಅಷ್ಟು ದೂರದಿಂದ ಬಂದವ್ರಾ?" ಎಂದು ನನ್ನನ್ನು ಕೇಳಿದಳು, ಅವರಿಗೂ ಕೇಳಿಸುವಂತೆ. ಹಜ್ರತ್, "ಅಮ್ಮಾ, ನಿಮ್ಮ ಮಗನ್ನ ಎಂಟು ತಿಂಗಳು ಕೇಳಿದೀನಿ. ನನಗೆ ಅಭ್ಯಾಸ ಇದೆ" ಎಂದರು. ಪರದೆಯ ಆಚೆ ಸಣ್ಣಗೆ ನಗು ಕೇಳಿಸಿತು. ಆಮೇಲೆ ಓದು ಶುರುವಾಯಿತು.

ಅವರ ಕೈ ಯಾವಾಗ ಏಳುವುದೋ ಎಂದು ನಾನು ನೋಡುತ್ತಲೇ ಇದ್ದೆ. ಎಂಬತ್ತಮೂರು ಆಯತು ಮುಗಿದರೂ ಏಳಲಿಲ್ಲ.

"ಒಂದು ಪದ ಬಿಟ್ಟಿಲ್ಲ, ಹಿಂದುಮುಂದು ಮಾಡಿಲ್ಲ" ಎಂದು ಅವರು ನನಗೆ ಹೇಳಿದರು. ಪರದೆಯ ಕಡೆ ತಿರುಗಿ, "ಅಮ್ಮಾ, ಎಳೆತ ಮಾತ್ರ ಎಲ್ಲಾ ಕಡೆ ಒಂದೇ ಅಳತೆ ಇದೆ. ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ. ಯಾರು ಕಲಿಸಿದ್ದು?"

ಮೂಗೂರಿನಲ್ಲಿ ಒಬ್ಬ ವಿಧವೆ ಅಜ್ಜಿ ಇದ್ದಳಂತೆ. ಬೀದಿಯ ಐದಾರು ಹುಡುಗಿಯರಿಗೆ ಅವಳೇ ಹಜ್ರತ್. ಸಂಬಳ ಕೇಳುತ್ತಿರಲಿಲ್ಲ, ಹುಡುಗಿಯರು ಅವಳ ಮನೆಯ ರಾಗಿ ಬೀಸಿಕೊಡಬೇಕು. ಇಬ್ಬಿಬ್ಬರು ಎದುರುಬದುರು ಕೂತು ಬೀಸುಕಲ್ಲಿನ ಗೂಟ ಹಿಡಿಯುವುದು, ಅಜ್ಜಿ ಹೇಳಿದ್ದನ್ನು ಬೀಸುತ್ತಾ ಹೇಳುವುದು.

"ಕಲ್ಲು ಒಂದು ಸುತ್ತು ಬರಗಂಟ ಎಳೀಬೇಕು" ಎಂದಳು ಅಮ್ಮ. "ಅರ್ಧಕ್ಕೇ ನಿಲ್ಸುದ್ರೆ ಬೆನ್ ಮೇಲೆ ಬೀಳೋದು. ಪಾಠಕ್ಕೋ ರಾಗಿಗೋ, ಅದು ನಮ್ಗೆ ಗೊತ್ತಾಗ್ತಿರ್ನಿಲ್ಲ."

ಹಜ್ರತ್ ತಮ್ಮ ಮುಷ್ಟಿಯನ್ನು ಮಂಡಿಯ ಮೇಲಿಟ್ಟು, ಗಾಳಿಯಲ್ಲಿ ಒಂದು ಸುತ್ತು ನಿಧಾನವಾಗಿ ತಿರುಗಿಸಿದರು, ಇನ್ನೊಂದು ಕೈಯ ಬೆರಳು ಮಡಿಸುತ್ತಾ. "ಆರು" ಎಂದರು. "ಸರಿಯಾಗಿ ಆರು."

ಎಲ್ಲಿ ಎರಡು, ಎಲ್ಲಿ ನಾಲ್ಕು ಎಂದು ಓದಿ ತೋರಿಸಿ, ಎಳೆತಗಳನ್ನು ಹದಿನೈದು ದಿನದಲ್ಲಿ ತಿದ್ದಿಕೊಳ್ಳಬಹುದೆಂದು ಅವರು ಅಮ್ಮನಿಗೆ ಹೇಳಿದರು. ನನಗಿನ್ನೂ ಎಷ್ಟು ದಿನ ಎಂದು ಕೇಳಿದೆ. ಅವರು ಚಹಾ ಚೆನ್ನಾಗಿದೆ ಎಂದರು.

ಅಮ್ಮ ಬಿಡಲಿಲ್ಲ. "ಇನ್ಮುಂದಿಂದಿರ್ಲಿ. ಇಲ್ಲೀಗಂಟ ಓದಿದ್ದು? ಅವು ಮುಟ್ಟಿದ್ವಾ, ಇಲ್ವಾ?"

ಹಜ್ರತ್ ಲೋಟ ಕೆಳಗಿಟ್ಟರು. "ಆ ಲೆಕ್ಕ ನನ್ನ ಹತ್ರ ಇಲ್ಲಮ್ಮಾ. ಮುಟ್ಟಿಲ್ಲ ಅನ್ನೋ ಧೈರ್ಯ ಮಾತ್ರ ನನಗಿಲ್ಲ." ಆಮೇಲೆ, ಬಸ್ಸಿನ ವೇಳೆ ವಿಚಾರಿಸುವಷ್ಟು ಸಾಮಾನ್ಯವಾದ ದನಿಯಲ್ಲಿ, "ನಮ್ಮ ತಾಯಿ ಹೋಗಿ ಮುಂದಿನ ತಿಂಗಳಿಗೆ ವರ್ಷ ಆಗುತ್ತೆ. ನೀವು ಹೆಸರು ಹೇಳ್ತೀರಲ್ಲ, ಅದರಲ್ಲಿ ಅವರದೊಂದು ಸೇರಿಸ್ತೀರಾ?"

ಅಮ್ಮ ಪರದೆಯ ಹತ್ತಿರಕ್ಕೆ ಸರಿದಳು. "ನೀವೇ ಓದ್ತೀರಲ್ಲ, ಸರ್ಯಾಗಿ?"

"ಓದ್ತೀನಿ. ಆದ್ರೆ ಓದುವಾಗ ನನ್ನ ಗಮನವೆಲ್ಲ ಸರಿಯಾಗಿದೆಯಾ ಅನ್ನೋದ್ರ ಮೇಲೇ ಇರುತ್ತಮ್ಮಾ."

ಹಜ್ರತರನ್ನು ಬಸ್ಸು ಹತ್ತಿಸಿ ಬಂದೆ. ಮರುದಿನ ಬೆಳಗ್ಗೆ ಹೊಸ್ತಿಲ ಬಳಿ ಓದು ಕೇಳಿಸಿತು. ಅದೇ ಸುತ್ತು, ಅದೇ ಎಳೆತ, ಅಪ್ಪನ ಹೆಸರು. ನಾನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಮುಗಿಯಿತೆಂದುಕೊಂಡರೆ ಅವಳು ಏಳಲಿಲ್ಲ. ನನ್ನನ್ನು ಕರೆದಳು.

"ಬಾ ಇಲ್ಲಿ. ಅವ್ರು ಹೇಳಿದ್ರಲ್ಲ, ಎಲ್ಲಿ ಎರಡು, ಎಲ್ಲಿ ನಾಕು ಅಂತ. ಬೆರಳು ಮಡ್ಸಿ ತೋರ್ಸು, ಬಾಯಿ ಬಿಡ್ಬೇಡ. ಅವರಮ್ಮಂಗೆ ಬೇರೇನೇ ಓದ್ಬೇಕು. ಕಲ್ತೋರ್ ಮನೆಯೋರು, ಒಸಿ ಸರ್ಯಾಗಿರ್ಬೇಕು."

"ಹಾಗಾದ್ರೆ ಎರಡೂ ಸರಿಯಾಗೇ ಓದಬಹುದಲ್ಲ ಅಮ್ಮಿ? ಒಂದೇ ಸಲ ಓದಿ ಇಬ್ಬರ ಹೆಸರೂ ಹೇಳಿದ್ರಾಯ್ತು."

ಅವಳು ನನ್ನನ್ನು, ಎಂಟು ತಿಂಗಳು ಓದಿದರೂ ಏನೂ ಕಲಿಯದವನನ್ನು ನೋಡುವಂತೆ ನೋಡಿದಳು.

"ನಿಮ್ಮಪ್ಪಂಗೆ ಅಳೇದೇ ಇರ್ಲಿ. ಇಷ್ಟು ವರ್ಸ ಕೇಳಿ ಕೇಳಿ ಅಭ್ಯಾಸ ಆಗಿರ್ತದೆ. ಈಗ ಬದ್ಲಾಯ್ಸುದ್ರೆ, ಯಾರೋ ಬೇರೇವ್ರು ಓದ್ತಾವ್ರೆ ಅಂದ್ಕತಾರೆ."