ಸವಣೂರಿನ ಪರಾಗ, ಚಿಕ್ಕೇರೂರಿನ ಪರಾಗ

ಬೆಳಿಗ್ಗೆ ಏಳರ ಬಸ್ಸಿಗೆ ಹಾನಗಲ್ ಬಿಟ್ಟೆ. ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತ ಕಂಡಕ್ಟರ್ ನನ್ನ ಕೈಯಲ್ಲಿದ್ದ ಎರಡು ಕುಂಕುಮದ ಡಬ್ಬಿ ನೋಡಿ, “ಯಾರದರ ಮದುವಿ ಏನ್ರಿ ಅಕ್ಕಾರ?” ಎಂದ. “ದಾಸವಾಳದ್ದು” ಎಂದೆ. ಅವನು ನಗಲೋ ಬೇಡವೋ ಎಂಬಂತೆ ಮುಂದೆ ಹೋದ.

ಮನೆಯ ಬಿಳಿ ದಾಸವಾಳದಲ್ಲಿ ಎರಡು ಮೊಗ್ಗು ಮರುದಿನ ಅರಳುವಂತಿದ್ದವು. ಒಂದಕ್ಕೆ ಸವಣೂರಿನ ಪರಾಗ, ಇನ್ನೊಂದಕ್ಕೆ ಚಿಕ್ಕೇರೂರಿನದು ಹಚ್ಚಿ ಹೊಸ ಬಣ್ಣದ ಗಿಡ ಪಡೆಯುವ ಆಸೆ ನನ್ನದು.

ಬಂಕಾಪುರದಲ್ಲಿ ಬಸ್ಸು ಬದಲಿಸಿ, ಎಲೆತೋಟಗಳನ್ನು ದಾಟಿ ಸವಣೂರು ಮುಟ್ಟಿದಾಗ ಒಂಬತ್ತೂವರೆ. ನನ್ನ ಜೊತೆ ಓದಿದ ಖೈರುನ್ನಿಸಾ ಚಹಾ, ಖಾರ ಮುಂದಿಟ್ಟು ಸೀದಾ ಹಿತ್ತಲಿಗೆ ಕರೆದೊಯ್ದಳು. ಬದನೆಕಾಯಿ ಬಣ್ಣದ ನಾಲ್ಕು ಹೂ ಅರಳಿದ್ದವು.

“ನಾಳೆ ಗೌಂಡಿ ಬರ್ತಾನ. ಗಿಡ ಕಡದು ಗೋಡಿ ಕಟ್ತಾರ. ಅಮ್ಮಿ ಹಚ್ಚಿದ್ದು ಇದು. ಮೂರು ಸಲ ಟೊಂಗಿ ಊರಿದೆ, ಮೂರೂ ಒಣಗಿದವು. ನಿನ್ನ ಡಬ್ಬ್ಯಾಗರ ಉಳೀಲಿ.”

ಕುಂಚದಿಂದ ಹಳದಿ ಪುಡಿ ತಟ್ಟಿ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಚೀಟಿ ಅಂಟಿಸಿದೆ.

ಹಾವೇರಿ ಮೇಲೆ ಚಿಕ್ಕೇರೂರು ತಲುಪಿದಾಗ ಎರಡು ಗಂಟೆ, ಸುಡುವ ಬಿಸಿಲು. ದೊಡ್ಡವ್ವನ ಅಂಗಳದ ಕಿತ್ತಳೆ ದಾಸವಾಳದ ಪರಾಗವನ್ನು ಎರಡನೆಯ ಡಬ್ಬಿಗೆ ತುಂಬಿ, ಅದಕ್ಕೂ ಚೀಟಿ ಹಚ್ಚಿ ಊಟಕ್ಕೆ ಕುಳಿತೆ. ರೊಟ್ಟಿ, ಜುಣಕ, ಮಜ್ಜಿಗೆ. ಪರಾಗಕ್ಕೆ ನೀರು ತಾಗಬಾರದು, ತಂಪಿರಬೇಕು ಎಂದು ಉಣ್ಣುತ್ತ ಹೇಳಿದ್ದೇ ತಪ್ಪಾಯಿತು. ಬಸ್ಸು ಹತ್ತುವಾಗ ದೊಡ್ಡವ್ವ ಚೀಲ ಕೊಟ್ಟು, “ತಂಪ ಇರ್ಲೆಂತ ಬುತ್ತಿಡಬ್ಬ್ಯಾಗ ಬರ್ಫ ಹಾಕಿ, ನಿನ್ನ ಎರಡೂ ಡಬ್ಬಿ ಅದರಾಗ ಇಟ್ಟೇನಿ ನೋಡವ್ವ” ಎಂದಳು.

ಅಕ್ಕಿಆಲೂರಿನಲ್ಲಿ ಇಳಿದು, ಮುಂದಿನ ಬಸ್ಸಿಗೆ ಕಾಯುತ್ತ ಬುತ್ತಿಡಬ್ಬಿ ತೆರೆದು ನೋಡಿದೆ. ಬರ್ಫ ಕರಗಿ ಎರಡೂ ಚೀಟಿ ನೀರಿನಲ್ಲಿ ತೇಲುತ್ತಿದ್ದವು. ಮುಚ್ಚಳ ಬಿಗಿಯಾಗಿದ್ದರಿಂದ ಒಳಗೆ ಪುಡಿಗೇನೂ ಆಗಿರಲಿಲ್ಲ. ಆದರೆ ಯಾವುದು ಯಾವ ಊರಿನದು? ಡಬ್ಬಿಗಳೂ ಒಂದೇ ಬಗೆಯವು, ಪುಡಿ ಎರಡೂ ಹಳದಿ. ಮೂಸಿದೆ, ಅಲುಗಿಸಿದೆ, ಬಿಸಿಲಿಗೆ ಹಿಡಿದೆ. ಪಕ್ಕದಲ್ಲಿ ಕುಳಿತ ಮುದುಕಿಯನ್ನು ಕೇಳಿಯೂಬಿಟ್ಟೆ. “ಎರಡೂ ಅರಿಷಿಣಾನ ಅಲ್ಲೇನವ್ವ?” ಎಂದಳು.

ಸಂಜೆ ಮನೆಗೆ ಬಂದರೆ ಎರಡು ಮೊಗ್ಗಿನಲ್ಲಿ ಒಂದು ಗಾಳಿಗೆ ಉದುರಿಬಿದ್ದಿತ್ತು.

ಬೆಳಿಗ್ಗೆ ಉಳಿದ ಒಂದೇ ಹೂವಿನ ಮುಂದೆ ಎರಡು ಡಬ್ಬಿ ಹಿಡಿದು ನಿಂತೆ. ದಾಸವಾಳದ ನಡುದಂಡಿನ ತುದಿಯಲ್ಲಿ ಪರಾಗ ಹಿಡಿಯುವ ಐದು ಚುಕ್ಕೆಗಳಿರುತ್ತವೆ. ಮೂರಕ್ಕೆ ಎಡಗೈಯ ಡಬ್ಬಿಯದು, ಎರಡಕ್ಕೆ ಬಲಗೈಯದು ಹಚ್ಚಿದೆ. ಹಾಗೇಕೆ ಹಂಚಿದೆನೋ, ಇಂದಿಗೂ ತಿಳಿಯದು.

ಹತ್ತನೆಯ ದಿನ ಅಲ್ಲಿ ಹಸಿರು ಕಾಯಿ ಕಟ್ಟಿತ್ತು. ಅಂದೇ ಖೈರುನ್ನಿಸಾ ಫೋನ್ ಮಾಡಿದಳು.

“ನಮ್ಮ ಗಿಡದ್ದು ಹಿಡೀತೇನ?”

“ಹಿಡದೈತಿ” ಎಂದುಬಿಟ್ಟೆ. ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

“ಹಂಗಾದ್ರ ನನಗೊಂದು ಬೀಜ ತಗದಿಡು. ಗೋಡಿ ಬಾಜೂಕ ಜಾಗ ಬಿಡಿಸೇನಿ” ಎಂದಳು.